ನೆಗೆಟಿವ್ ಹೋಯಿತು, ಹಕ್ಕು ಉಳಿಯಿತು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೆಯ ಮನೆಗಳಲ್ಲಿ ಮದುವೆಯ ಆಲ್ಬಂನಿಂದ ಫೋಟೊ ತೆಗೆದು ತಿರುಗಿಸಿದರೆ ಸ್ಟುಡಿಯೊದ ರಬ್ಬರ್ ಸ್ಟಾಂಪ್ ಕಾಣುವುದುಂಟು. ಕೆಲವೊಮ್ಮೆ ಪಕ್ಕದಲ್ಲಿ ನೆಗೆಟಿವ್ ಸಂಖ್ಯೆಯೂ ಇರುತ್ತದೆ. ಅಂಥದೇ ಇನ್ನೊಂದು ಪ್ರತಿ ಬೇಕೆಂದವರು ಆ ಸಂಖ್ಯೆ ಹಿಡಿದು ಅದೇ ಸ್ಟುಡಿಯೊದ ಮೆಟ್ಟಿಲು ಹತ್ತಬೇಕಿತ್ತು. ನೆಗೆಟಿವ್ ಯಾರ ಕಪಾಟಿನಲ್ಲಿತ್ತೋ ಚಿತ್ರ ಅವರ ಹಿಡಿತದಲ್ಲಿತ್ತು.

ಒಂದು ಕಾಲಕ್ಕೆ ಕಾನೂನು ಹೇಳುತ್ತಿದ್ದುದೂ ಅದನ್ನೇ. ಬ್ರಿಟನ್ನಿನ 1911ರ ಕೃತಿಸ್ವಾಮ್ಯ ಕಾಯ್ದೆ 1914ರಲ್ಲಿ ಭಾರತಕ್ಕೂ ಬಂತು. ಅದರ ಪ್ರಕಾರ, ನೆಗೆಟಿವ್ ತಯಾರಾದಾಗ ಅದರ ಒಡೆಯನಾಗಿದ್ದವನೇ ಛಾಯಾಚಿತ್ರದ ಕರ್ತೃ. ಹಕ್ಕಿನ ಅವಧಿ ಅಲ್ಲಿಂದ 50 ವರ್ಷ.

ಛಾಯಾಗ್ರಾಹಕನ ಹೆಸರು ಹೇಳುವ ಪದ್ಧತಿ ಈ ಕಾನೂನಿಗಿಂತ ಹಳೆಯದು. ಧಾರವಾಡ ಹಾಗೂ ಮೈಸೂರು ಸೀಮೆಯ ವಾಸ್ತುಶಿಲ್ಪ ಕುರಿತು 1866ರಲ್ಲಿ ಲಂಡನ್ನಿನಲ್ಲಿ ಹೊರಬಂದ ಗ್ರಂಥದ ಮುಖಪುಟದಲ್ಲೇ ಚಿತ್ರ ತೆಗೆದ ಪಿಗೂ, ನೀಲ್ ಮತ್ತು ಬಿಗ್ಸ್ ಅವರ ಹೆಸರುಗಳಿವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ನಡುವೆ 127 ವರ್ಷ ಕಳೆದಿದ್ದರೂ ಮೊದಲು ತೆಗೆದವರ ಹೆಸರು ಅಳಿದಿರಲಿಲ್ಲ.

ಸ್ವತಂತ್ರ ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ 1958ರ ಜನವರಿ 21ರಂದು ಜಾರಿಗೆ ಬಂದಾಗ ದೊಡ್ಡ ಬದಲಾವಣೆಯಾಯಿತು. ನೆಗೆಟಿವ್‌ನ ಒಡೆಯನ ಬದಲು, ಚಿತ್ರ ತೆಗೆದ ವ್ಯಕ್ತಿಯೇ ಕರ್ತೃವಾದ. ಇದಕ್ಕೆ ನೋಂದಣಿ ಕಡ್ಡಾಯವಲ್ಲ.

ಆದರೆ ಕರ್ತೃವೇ ಯಾವಾಗಲೂ ಹಕ್ಕಿನ ಒಡೆಯನಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಮದುವೆ ಫೋಟೊದ ಕೃತಿಸ್ವಾಮ್ಯ ತೆಗೆಸಿದವರದು. ಪತ್ರಿಕೆಯ ನೌಕರ ಕೆಲಸದ ಭಾಗವಾಗಿ ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಉಳಿದ ಹಕ್ಕು ತೆಗೆದವರದು. ಒಡೆತನ ಯಾರದೇ ಆಗಲಿ, 'ಇದನ್ನು ತೆಗೆದವನು ನಾನು' ಎಂದು ಹೇಳಿಕೊಳ್ಳುವ ಹಕ್ಕು ಛಾಯಾಗ್ರಾಹಕನಿಂದ ಹೋಗುವುದಿಲ್ಲ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಕಪಾಟಿನ ಕಾವಲು ತಪ್ಪಿತು. ಕೆಂಗೇರಿಯ ಕೆರೆಯಂಚಿನಲ್ಲಿ ಬೆಳಗಿನ ಜಾವ ಕಾದು ತೆಗೆದ ಹಕ್ಕಿಯ ಚಿತ್ರವನ್ನು ಅಂತರ್ಜಾಲಕ್ಕೆ ಹಾಕಿದರೆ, ಸಂಜೆಯೊಳಗೆ ಅದು ಯಾವುದೋ ಅಂಗಡಿಯ ಜಾಹೀರಾತಾಗಬಹುದು. ಮೂಲೆಯಲ್ಲಿದ್ದ ಹೆಸರನ್ನು ಕತ್ತರಿಸಲು ಬೆರಳ ತುದಿ ಸಾಕು.

ಈ ಸ್ಥಿತಿಗೆ ಸ್ವಲ್ಪಮಟ್ಟಿನ ಉತ್ತರ ಸಿಕ್ಕಿದ್ದು 2012ರ ಜೂನ್ 21ರಂದು ಜಾರಿಯಾದ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ಛಾಯಾಚಿತ್ರದ ಹಕ್ಕಿನ ಅವಧಿ ಪ್ರಕಟಣೆಯ ನಂತರ 60 ವರ್ಷ ಮಾತ್ರ ಇತ್ತು. ಈಗ ಲೇಖಕರಿಗೂ ಚಿತ್ರಕಲಾವಿದರಿಗೂ ಇರುವಂತೆ, ಛಾಯಾಗ್ರಾಹಕರ ಜೀವಿತಾವಧಿ ಮತ್ತು ನಂತರದ 60 ವರ್ಷ. ಡಿಜಿಟಲ್ ಚಿತ್ರದೊಂದಿಗಿರುವ ಕರ್ತೃವಿನ ಹೆಸರಿನಂಥ ಮಾಹಿತಿಯನ್ನು ಗೊತ್ತಿದ್ದೂ ಅನುಮತಿಯಿಲ್ಲದೆ ತೆಗೆದುಹಾಕಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ.

ಹಕ್ಕುದಾರರು ಲಿಖಿತ ದೂರು ಕೊಟ್ಟರೆ, ಚಿತ್ರವನ್ನು ಇರಿಸಿಕೊಂಡಿರುವ ಜಾಲತಾಣ ಅದನ್ನು ಪರಿಶೀಲಿಸಿ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು 2013ರ ನಿಯಮಗಳು ಹೇಳುತ್ತವೆ. ಆದರೆ ಈ ತಡೆ 21 ದಿನ ಮಾತ್ರ. ಅಷ್ಟರೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಚಿತ್ರ ಮತ್ತೆ ಕಾಣಿಸಿಕೊಳ್ಳಬಹುದು. ಸಣ್ಣ ಸ್ಟುಡಿಯೊ ನಡೆಸುವವರು ಸೋಲುವುದು ಇಲ್ಲಿಯೇ: ಕಳೆದುಕೊಂಡ ಸಂಭಾವನೆಗಿಂತ ವಕೀಲರ ಶುಲ್ಕವೇ ಹೆಚ್ಚಾದೀತು. ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಲು ಕಾಯ್ದೆ ಅವಕಾಶ ಕೊಟ್ಟಿದೆ ಎಂಬುದಷ್ಟೇ ಸಮಾಧಾನ.

ದಾವೆಗೆ ಬೇಕಾದದ್ದು ಸಾಕ್ಷ್ಯ. ಕ್ಯಾಮೆರಾದಿಂದ ಹೊರಬಂದ ಮೂಲ ಕಡತವೇ ಇಂದಿನ ನೆಗೆಟಿವ್. ಅದನ್ನು ಯಾರಿಗೂ ಕೊಡದೆ ಜೋಪಾನ ಮಾಡಿ, ಚಿತ್ರದ ಸಣ್ಣ ಪ್ರತಿಯನ್ನಷ್ಟೇ ಹೆಸರಿನೊಡನೆ ಹೊರಗೆ ಬಿಡುವುದು ಜಾಣತನ. ಬಳಸುವವರ ಹೊಣೆ ಇನ್ನೂ ಸರಳ: ಮೊದಲು ತೆಗೆದವರನ್ನು ಕೇಳುವುದು, ಒಪ್ಪಿದರೆ ಅವರ ಹೆಸರು ಹಾಕುವುದು. ಆಲ್ಬಂ ಚಿತ್ರದ ಬೆನ್ನ ಮೇಲಿನ ಆ ರಬ್ಬರ್ ಸ್ಟಾಂಪು ಕೇಳುತ್ತಿದ್ದುದೂ ಇಷ್ಟನ್ನೇ.