ಮುತ್ತು, ಕಾಯಿದೆ ಮತ್ತು ಮೌನ: ದೇವದಾಸಿ ಪದ್ಧತಿಯ ಚರಿತ್ರೆಯ ಒಂದು ಓದು

ಮಾನವ ಕಳ್ಳಸಾಗಣೆಯೆಂದರೆ ಅಪರಿಚಿತರು ಹೆಣ್ಣುಮಕ್ಕಳನ್ನು ಅಪಹರಿಸಿ ಮಾರುವ ಕೃತ್ಯವೆಂಬ ಗ್ರಹಿಕೆ ಸಾಮಾನ್ಯವಾಗಿದೆ. ಉತ್ತರ ಕರ್ನಾಟಕದ ದೇವದಾಸಿ ಪದ್ಧತಿಯ ಚರಿತ್ರೆಯು ಈ ಗ್ರಹಿಕೆಯನ್ನು ತಿದ್ದುತ್ತದೆ. ಇಲ್ಲಿ ಸಾಗಣೆಯ ಮೊದಲ ಹೆಜ್ಜೆ ಮನೆಯೊಳಗೆ, ಹರಕೆಯ ಹೆಸರಿನಲ್ಲಿ ಬೀಳುತ್ತಿತ್ತು.

ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಬಾಲಕಿಯ ಕೊರಳಿಗೆ ಕೆಂಪು-ಬಿಳಿ ಮಣಿಗಳ ಸರವನ್ನು ಕಟ್ಟುವುದಕ್ಕೆ 'ಮುತ್ತು ಕಟ್ಟುವುದು' ಎನ್ನುತ್ತಾರೆ. ತಲೆಗೂದಲು ಜಡೆಗಟ್ಟಿದರೆ ಅದನ್ನು ದೇವಿಯ ಕರೆಯೆಂದು ನಂಬಲಾಗುತ್ತಿತ್ತು. ಬಳ್ಳಾರಿ ಸೀಮೆಯಲ್ಲಿ ಗಂಡುಸಂತಾನವಿಲ್ಲದ ಮನೆಯ ಮಗಳು ಬಸವಿಯಾಗಿ ಮಗನ ಸ್ಥಾನವನ್ನು ಪಡೆಯುತ್ತಿದ್ದಳು. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ಬಡ ದಲಿತ ಕುಟುಂಬದವರು. ಮೈನೆರೆದ ಬಳಿಕ ಅವರು ಊರಿನ ಉಳ್ಳವರ ವಶವಾಗುತ್ತಿದ್ದರು. ಅನೇಕರನ್ನು ದಲ್ಲಾಳಿಗಳು ಸಾಂಗಲಿ, ಪುಣೆ, ಮುಂಬಯಿಗಳ ವೇಶ್ಯಾಗೃಹಗಳಿಗೆ ಸಾಗಿಸುತ್ತಿದ್ದರು.

ಮೈಸೂರು ಸಂಸ್ಥಾನವು 1909ರಲ್ಲಿ ದೇವಾಲಯಗಳ ದೇವದಾಸಿ ಸೇವೆಯನ್ನು ರದ್ದುಪಡಿಸಿತು. ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲಿ, ಮದರಾಸಿನಲ್ಲಿ 1947ರಲ್ಲಿ ಕಾಯಿದೆಗಳು ಬಂದವು. ಸಮರ್ಪಣೆಯನ್ನು ನಿಷೇಧಿಸಿದ 1982ರ ಕರ್ನಾಟಕದ ಅಧಿನಿಯಮವು ಅದರಲ್ಲಿ ಭಾಗಿಯಾದ ಹೆತ್ತವರಿಗೆ, ಬಂಧುಗಳಿಗೆ 2ರಿಂದ 5 ವರ್ಷಗಳ ಸೆರೆವಾಸವನ್ನು ವಿಧಿಸಿತು. ಆ ನಂತರ ಮುತ್ತು ಕಟ್ಟುವ ಕ್ರಿಯೆ ಗುಡ್ಡದ ಜಾತ್ರೆಯನ್ನು ಬಿಟ್ಟು ಮನೆಗಳೊಳಗೆ ಗುಟ್ಟಾಗಿ ನಡೆಯತೊಡಗಿತು. ಕೃತ್ಯವನ್ನು ಬಲ್ಲ ತಾಯಿಯೇ ಆರೋಪಿಯೂ ಆಗುವುದರಿಂದ ಸಾಕ್ಷಿ ಹೇಳುವವರು ವಿರಳವಾದರು.

ಈ ಮೌನವನ್ನು ಒಡೆದವರಲ್ಲಿ ಮಾಜಿ ದೇವದಾಸಿಯರೇ ಮುಖ್ಯರು. 1997ರಲ್ಲಿ ಘಟಪ್ರಭೆಯಲ್ಲಿ ರೂಪುಗೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಅವರೇ ಮುನ್ನಡೆಸಿದರು. ಮುತ್ತಿನ ಭಾಷೆಯನ್ನು, ಜಡೆಯ ಭಯವನ್ನು ಸ್ವತಃ ಬಲ್ಲವರ ಮಾತನ್ನು ಕೇರಿಯ ತಾಯಂದಿರು ಕೇಳಿಸಿಕೊಂಡರು. ಸರ್ಕಾರವು 1993-94 ಮತ್ತು 2007-08ರಲ್ಲಿ ನಡೆಸಿದ ಸಮೀಕ್ಷೆಗಳು ಒಟ್ಟು 46,660 ಮಹಿಳೆಯರನ್ನು ಗುರುತಿಸಿದವು. ಮಾಸಾಶನ, ವಸತಿ, ಸಾಲ ಸೌಲಭ್ಯಗಳಿಗೆ ಈ ಪಟ್ಟಿಯೇ ಆಧಾರವಾದ್ದರಿಂದ ಅದರಿಂದ ಹೊರಗುಳಿದವಳಿಗೆ ನೆರವೂ ದೂರವಾಯಿತು.

ಇಲ್ಲಿ ನಮ್ಮ ಶಿಸ್ತಿನ ಹೊಣೆಯನ್ನೂ ನೆನೆಯಬೇಕು. ಜಾನಪದ ಸಂಗ್ರಾಹಕರಾದ ನಾವು ಚೌಡಿಕೆಯ ಪದಗಳನ್ನು, ಜೋಗತಿಯರ ಕುಣಿತವನ್ನು ಅಕ್ಕರೆಯಿಂದ ದಾಖಲಿಸಿದೆವು. ಹಾಡಿದವಳಿಗೆ ಎಷ್ಟನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿದರು, ಅವಳ ಅಕ್ಕತಂಗಿಯರು ಯಾವ ಊರು ಸೇರಿದರು ಎಂದು ಕೇಳಿದ್ದು ಕಡಿಮೆ. ಮುಂದಿನ ಕ್ಷೇತ್ರಕಾರ್ಯವು ಈ ಪ್ರಶ್ನೆಗಳನ್ನು ಕೇಳಬೇಕು. ಉತ್ತರಿಸುವವಳ ಹೆಸರನ್ನು ಮರೆಯಲ್ಲಿರಿಸಿ, ಅವಳ ಅನುಮತಿಯಿಲ್ಲದೆ ಒಂದು ಸಾಲನ್ನೂ ಅಚ್ಚಿಗೆ ಕೊಡಬಾರದು.