ಸುಳ್ಯ ಸೀಮೆಯ ನುಡಿ ಸಮೀಕ್ಷೆ: ಕೋಡಿ ಕುಶಾಲಪ್ಪ ಗೌಡರ ಕೃತಿಗಳು ಮತ್ತು ಅವುಗಳ ಪ್ರಭಾವ

ಭಾರತದ ಭಾಷೆಗಳ ಮೊದಲ ದೊಡ್ಡ ಸಮೀಕ್ಷೆ ಸುಳ್ಯದವರೆಗೆ ಬರಲೇ ಇಲ್ಲ. ಜಾರ್ಜ್ ಗ್ರಿಯರ್ಸನ್ 1894ರಲ್ಲಿ ಕೈಗೆತ್ತಿಕೊಂಡು 1928ರಲ್ಲಿ ಮುಗಿಸಿದ ಆ ಕಾರ್ಯದ ವ್ಯಾಪ್ತಿಯಿಂದ ಮದರಾಸು ಪ್ರಾಂತ್ಯ, ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳು ಹೊರಗುಳಿದಿದ್ದವು. ಸುಳ್ಯವಿರುವ ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಸಮೀಕ್ಷೆ ನಡೆದ ಕಡೆಗಳಲ್ಲಿ ಸ್ಥಳೀಯ ಅಧಿಕಾರಿಗಳ ಮೂಲಕ ಬೈಬಲಿನ ದಾರಿ ತಪ್ಪಿದ ಮಗನ ಕಥೆಯ ಅನುವಾದವನ್ನೂ ಒಂದು ಗೊತ್ತಾದ ಪದಪಟ್ಟಿಯನ್ನೂ ತರಿಸಿಕೊಳ್ಳಲಾಗುತ್ತಿತ್ತು. ಫ್ರಾನ್ಸಿನಲ್ಲಿ ಝಿಲ್ಯೆರೋನ್ ಅದೇ ಕಾಲದಲ್ಲಿ ರೂಪಿಸಿದ ಭಾಷಾ ಭೂಪಟವೂ ಗೊತ್ತುಪಡಿಸಿದ ಊರುಗಳಲ್ಲಿ ವಿಚಾರಿಸಿ ಉತ್ತರಗಳನ್ನು ನಕ್ಷೆಯ ಮೇಲೆ ಗುರುತಿಸಿತು. ಎರಡರ ಹಿಂದೆಯೂ ಇದ್ದದ್ದು ಒಂದೇ ಗ್ರಹಿಕೆ: ನುಡಿಗೆ ನೆಲೆ ಊರು. ಸುಳ್ಯ, ಪುತ್ತೂರು, ಕಡಬಗಳ ಮಟ್ಟಿಗೆ ಈ ಗ್ರಹಿಕೆ ನಿಲ್ಲುವುದಿಲ್ಲ. ಇಲ್ಲಿ ಒಂದೇ ಗ್ರಾಮದೊಳಗೆ ಒಂದು ಮನೆಯಲ್ಲಿ ಗೌಡ ಸಮುದಾಯದ ಕನ್ನಡವಾದ ಅರೆಭಾಷೆ, ಇನ್ನೊಂದರಲ್ಲಿ ಹವ್ಯಕ ಕನ್ನಡ, ಮತ್ತೊಂದರಲ್ಲಿ ತುಳು ಅಥವಾ ಮಲಯಾಳದ ಒಂದು ಬಗೆ ಕೇಳಿಸುತ್ತದೆ. ನೆರೆಯವರ ನಡುವೆ ಬಹುಮಟ್ಟಿಗೆ ತುಳು ನಡೆಯುತ್ತದೆ.

ಈ ಸೀಮೆಗೆ ಒಪ್ಪುವ ವಿಧಾನವನ್ನು ಕಟ್ಟಿದವರಲ್ಲಿ ಭಾಷಾವಿಜ್ಞಾನಿ ಕೋಡಿ ಕುಶಾಲಪ್ಪ ಗೌಡರು ಮುಖ್ಯರು ಎಂಬುದು ಈ ಲೇಖನದ ವಾದ. ಅಣ್ಣಾಮಲೈ ವಿಶ್ವವಿದ್ಯಾಲಯ 1970ರಲ್ಲಿ ಪ್ರಕಟಿಸಿದ ಅವರ 'ಗೌಡ ಕನ್ನಡ' ಅರೆಭಾಷೆಯ ವರ್ಣನಾತ್ಮಕ ಅಧ್ಯಯನ. ಅದರ ಆಸುಪಾಸಿನಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಕನ್ನಡ ಉಪಭಾಷೆಗಳ ಹಲವು ಅಧ್ಯಯನಗಳು ಹೊರಬಂದವು. ಯು.ಪಿ. ಉಪಾಧ್ಯಾಯರ ನಂಜನಗೂಡು ಕನ್ನಡ ಮತ್ತು ಆರ್. ಮಹಾದೇವನ್ ಅವರ ಗುಲ್ಬರ್ಗಾ ಕನ್ನಡ (ಎರಡೂ 1968) ಊರಿನ ಹೆಸರು ಹೊತ್ತಿವೆ, ಡಿ.ಎನ್. ಶಂಕರ ಭಟ್ಟರ ಹವ್ಯಕ ವ್ಯಾಕರಣ (1971) 'ಗೌಡ ಕನ್ನಡ'ದಂತೆಯೇ ಸಮುದಾಯದ ಹೆಸರು ಹೊತ್ತಿದೆ. ಶೀರ್ಷಿಕೆಗಳ ಈ ಭೇದದಲ್ಲಿ ಅಧ್ಯಯನದ ಘಟಕ ಯಾವುದೆಂಬ ನಿರ್ಧಾರವೇ ಇದೆ. ಕುಶಾಲಪ್ಪ ಗೌಡರಿಗೆ ಸಮುದಾಯವೆಂಬ ಘಟಕ ಕುರುಡು ನಿಯಮವಾಗಿರಲಿಲ್ಲ. 1972ರಲ್ಲಿ ಬಂದ ಅವರ ಇನ್ನೊಂದು ಗ್ರಂಥ ಕೊಡಗು, ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕ್ರಿ.ಶ. 1000ದಿಂದ 1400ರವರೆಗಿನ ಶಾಸನಗಳ ವ್ಯಾಕರಣ; ಅಲ್ಲಿ ಘಟಕ ಪ್ರದೇಶ ಮತ್ತು ಕಾಲ. ಶಾಸನಕ್ಕೆ ಸ್ಥಳವಿದೆ, ಕಾಲವಿದೆ. ಮನೆಯೊಳಗಿನ ಮಾತು ಅದರಲ್ಲಿ ಸಿಗುವುದಿಲ್ಲ. ಆಧಾರ ಬದಲಾದಂತೆ ಘಟಕವೂ ಬದಲಾಗಬೇಕು ಎಂಬ ಪಾಠ ಈ ಎರಡು ಕೃತಿಗಳನ್ನು ಜೊತೆಗಿಟ್ಟು ಓದಿದಾಗ ದೊರೆಯುತ್ತದೆ.

ಪ್ರಭಾವಕ್ಕೆ ಗಟ್ಟಿ ಸಾಕ್ಷಿ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶದಲ್ಲಿದೆ. ಅದರ ಮೊದಲ ಆವೃತ್ತಿ ಬಂದ 1961ರಲ್ಲಿ ಈ ಅಧ್ಯಯನಗಳು ಇನ್ನೂ ಅಚ್ಚಾಗಿರಲಿಲ್ಲ. 1984ರ ಪರಿಷ್ಕೃತ ಆವೃತ್ತಿಯಲ್ಲಿ ಕನ್ನಡದ ರೂಪಗಳ ಜೊತೆಗೇ ಗೌಡ, ಹವ್ಯಕ, ನಂಜನಗೂಡು, ಗುಲ್ಬರ್ಗಾ ಎಂಬ ಗುರುತಿನ ರೂಪಗಳೂ ಸೇರಿದವು. ಗ್ರಿಯರ್ಸನ್ ಸಮೀಕ್ಷೆಗೆ ದಕ್ಕದ ಮನೆಮಾತು ಹೀಗೆ ತೌಲನಿಕ ದ್ರಾವಿಡ ಅಧ್ಯಯನದ ಆಕರವಾಯಿತು.

ಈ ವಿಧಾನಕ್ಕೆ ಎರಡು ಆಕ್ಷೇಪಗಳು ಏಳಬಹುದು. ಸಮುದಾಯವನ್ನೇ ಘಟಕವಾಗಿಸಿದರೆ ಜಾತಿಯ ಗಡಿಯನ್ನೇ ಭಾಷೆಯ ಗಡಿಯೆಂದು ಒಪ್ಪಿದಂತಾಗುವುದಿಲ್ಲವೇ ಎಂಬುದು ಮೊದಲನೆಯದು. ಅರೆಭಾಷೆಯನ್ನು ಗೌಡರಲ್ಲದವರೂ ಆಡುತ್ತಾರೆ. ಸುಳ್ಯ, ಕೊಡಗುಗಳ ನಡುವೆ ಅದರಲ್ಲಿ ವ್ಯತ್ಯಾಸವೂ ಇದೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಕೇಳುವುದು ಊರು, ಸಮುದಾಯ ಎಂಬ ಎರಡೂ ಅಳತೆಗಳನ್ನು ಜೋಡಿಸಬೇಕೆಂದು, ಸಮುದಾಯವನ್ನು ಕೈಬಿಡಬೇಕೆಂದಲ್ಲ. ಉಡುಪಿಯಲ್ಲಿ ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ಪ್ರಾದೇಶಿಕ ಭೇದವನ್ನೂ ಸಾಮಾಜಿಕ ಭೇದವನ್ನೂ ಒಟ್ಟಿಗೆ ದಾಖಲಿಸಿ, ಇದು ಆಗುವ ಕೆಲಸವೆಂದು ತೋರಿಸಿತು. ಕೆಲವೇ ಮಾತುಗಾರರನ್ನು ಆಧರಿಸಿದ ವರ್ಣನೆಯನ್ನು ಸಮೀಕ್ಷೆ ಎನ್ನಬಹುದೇ ಎಂಬುದು ಎರಡನೆಯ ಆಕ್ಷೇಪ. ಎಷ್ಟು ಜನ ಆಡುತ್ತಾರೆ ಎಂಬ ಪ್ರಶ್ನೆಗೆ ಅಂಥ ವರ್ಣನೆ ಉತ್ತರಿಸಲಾರದು, ನಿಜ. ಆದರೆ ಎಣಿಸುವ ಮೊದಲು ಏನನ್ನು ಎಣಿಸಬೇಕೆಂದು ತಿಳಿದಿರಬೇಕು. 2011ರ ಜನಗಣತಿಯ ಭಾಷಾ ಪಟ್ಟಿಯಲ್ಲಿ ತುಳುವಿಗೆ 18 ಲಕ್ಷಕ್ಕೂ ಮಿಕ್ಕಿ, ಕೊಡವಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಜನರ ಲೆಕ್ಕವಿದೆ. ಅರೆಭಾಷೆಗೆ ಪ್ರತ್ಯೇಕ ಸಾಲಿಲ್ಲ. ಕೋಟಿಗಟ್ಟಲೆ ಮನೆಗಳನ್ನು ಮುಟ್ಟಿದ ಗಣತಿಗೆ ಕಾಣದೆ ಹೋದದ್ದು ಒಂದು ಸಣ್ಣ ವರ್ಣನಾ ಗ್ರಂಥದಲ್ಲಿ ನಾಲ್ಕು ದಶಕಗಳ ಹಿಂದೆಯೇ ದಾಖಲಾಗಿತ್ತು. ವ್ಯಾಪ್ತಿ ಹಿಗ್ಗಿದ ಮಾತ್ರಕ್ಕೆ ಸಮೀಕ್ಷೆ ನಿಖರವಾಗುವುದಿಲ್ಲ. ಅದರ ನಮೂನೆಯಲ್ಲಿರುವ ವರ್ಗಗಳು ನೆಲದ ವಾಸ್ತವಕ್ಕೆ ಹೊಂದಬೇಕು.

ಕರ್ನಾಟಕ ಸರ್ಕಾರ 2011ರಲ್ಲಿ ಅರೆಭಾಷೆಗೆ ಪ್ರತ್ಯೇಕ ಅಕಾಡೆಮಿಯನ್ನು ಸ್ಥಾಪಿಸಿದೆ. ಮನ್ನಣೆಯ ಕೆಲಸಕ್ಕೆ ಅಲ್ಲಿ ನೆಲೆ ಸಿಕ್ಕಿದೆ. ಸಮೀಕ್ಷೆಯ ಕೆಲಸ ಉಳಿದಿದೆ. ಇನ್ನು ಮುಂದೆ ಸುಳ್ಯ, ಪುತ್ತೂರು, ಕಡಬ ತಾಲ್ಲೂಕುಗಳಲ್ಲಿ ನುಡಿಯ ಲೆಕ್ಕ ಹಿಡಿಯುವವರು ಮಾತೃಭಾಷೆ ಯಾವುದೆಂಬ ಒಂದೇ ಪ್ರಶ್ನೆಗೆ ನಿಲ್ಲಬಾರದು. ಮನೆಯಲ್ಲಿ ಯಾವುದು, ನೆರೆಯವರೊಡನೆ ಯಾವುದು, ಶಾಲೆಯಲ್ಲಿ ಯಾವುದು ಎಂದು ಬೇರೆಬೇರೆಯಾಗಿ ಕೇಳಬೇಕು. ಊರು ಮತ್ತು ಸಮುದಾಯ ಎರಡನ್ನೂ ಬರೆದುಕೊಳ್ಳಬೇಕು. ಕುಶಾಲಪ್ಪ ಗೌಡರ ಕೃತಿಗಳನ್ನು ವ್ಯಾಕರಣ ಗ್ರಂಥಗಳೆಂದು ಮಾತ್ರ ಓದದೆ ಸಮೀಕ್ಷಾ ವಿಧಾನದ ಪಾಠಗಳೆಂದೂ ಓದುವುದು ಅದಕ್ಕೆ ಮೊದಲ ಸಿದ್ಧತೆ.