ಮಣಲಿಯ ಮೊದಲಿಯಾರರ ಸಭೆಯೂ ಕೋಟೆಯ ಬ್ಯಾಂಡೂ

ಚೆನ್ನೈ ನಗರದ ಉತ್ತರದ ಅಂಚಿನಲ್ಲಿ, ತಿರುವೊತ್ತಿಯೂರಿನ ಸಮೀಪದಲ್ಲಿರುವ ಮಣಲಿಯ ಹೆಸರು ಇಂದು ತೈಲ ಶುದ್ಧೀಕರಣದ ಕಾರ್ಖಾನೆಯನ್ನು ನೆನಪಿಗೆ ತರುತ್ತದೆ. 1965ರಲ್ಲಿ ಮದರಾಸ್ ರಿಫೈನರೀಸ್ ಸಂಸ್ಥೆ ಸ್ಥಾಪಿತವಾದ ಮೇಲೆ ಗೊಬ್ಬರದ ಕಾರ್ಖಾನೆ, ರಾಸಾಯನಿಕಗಳ ಕಾರ್ಖಾನೆ ಎಂದು ಒಂದರ ಹಿಂದೊಂದು ಬಂದುವು. 2011ರಲ್ಲಿ ಊರು ಮಹಾನಗರಪಾಲಿಕೆಯ ಎಲ್ಲೆಯೊಳಗೆ ಸೇರಿತು. ಸಂಗೀತದ ಚರಿತ್ರೆಯನ್ನು ಬಲ್ಲವರಿಗಾದರೋ ಮಣಲಿ ಎಂದೊಡನೆ ಹೊಳೆಯುವುದು ಬೇರೊಂದು ಚಿತ್ರ. ಹದಿನೆಂಟನೆಯ ಶತಮಾನದ ಕೊನೆಯ ಪಾದದಲ್ಲಿ ಸಿರಿವಂತನೊಬ್ಬನ ಆಶ್ರಯದಲ್ಲಿ ಬೆಳೆದ ಇಬ್ಬರು ಹುಡುಗರು ಇಂಗ್ಲೀಷರ ಸಂಗೀತವನ್ನು ಕಿವಿದೆರೆದು ಕೇಳಿದರು. ಒಬ್ಬನು ಅದಕ್ಕೆ ಸಂಸ್ಕೃತದ ಮಾತನ್ನು ಕೊಟ್ಟನು, ಇನ್ನೊಬ್ಬನು ಅದರ ವಾದ್ಯವನ್ನೇ ಕಸಿದುಕೊಂಡನು. ಈ ಪ್ರಸಂಗವನ್ನು ದೊಡ್ಡವರ ಬಾಲಲೀಲೆ ಎಂದು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಅದರ ಹಿಂದೆ ಕನ್ನಡಿಗರಿಗೆ ಸಂಬಂಧಪಟ್ಟ ಸಂಗತಿಗಳು ಒಂದೆರಡಲ್ಲ.

ಮಣಲಿಯ ಮೊದಲಿಯಾರರು ದುಬಾಷಿಗಳ ಮನೆತನದವರು. ದುಬಾಷಿ ಎಂದರೆ ಎರಡು ಭಾಷೆ ಬಲ್ಲವನು ಎಂದಿಷ್ಟೇ ಅರ್ಥವಾದರೂ, ಆ ಕಾಲದ ಮದರಾಸಿನಲ್ಲಿ ಅವನು ಕಂಪನಿಯ ಅಧಿಕಾರಿಗೆ ಕಣ್ಣು, ಕಿವಿ, ಕೈ ಮತ್ತು ಸಾಲ ಕೊಡುವ ಪೆಟ್ಟಿಗೆ ಎಲ್ಲವೂ ಆಗಿದ್ದನು. ಮಣಲಿ ಮುತ್ತುಕೃಷ್ಣ ಮೊದಲಿಯಾರನು ಗವರ್ನರ್ ಪಿಗಟ್‌ಗೆ ದುಬಾಷಿಯಾಗಿದ್ದವನು. 1757ರಲ್ಲಿ ಕಂಪನಿಯವರು ಕೋಟೆಯ ಮುಂದೆ ಬಯಲು ಬಿಡಿಸುವ ಸಲುವಾಗಿ ಊರಿನ ಹಳೆಯ ಪೇಟೆಯ ದೇವಾಲಯವನ್ನು ಕೆಡವಿಸಿದಾಗ, ಬೇರೆ ನೆಲದಲ್ಲಿ ಚೆನ್ನಕೇಶವ ಮತ್ತು ಚೆನ್ನಮಲ್ಲೇಶ್ವರರ ಜೋಡಿ ಗುಡಿಗಳು ಎದ್ದು ನಿಲ್ಲಲು ಮುಂದಾಳಾದವನು ಈತನೇ. ಕೆಡಹಿದವರ ಸೇವೆಯಲ್ಲಿದ್ದುಕೊಂಡೇ ಕಟ್ಟಿಸಿದವನು ಎಂಬುದನ್ನು ಗಮನಿಸಬೇಕು. ಶೀರ್ಕಾಳಿಯ ಅರುಣಾಚಲ ಕವಿರಾಯನು ರಾಮಾಯಣವನ್ನೆಲ್ಲ ತಮಿಳು ಕೀರ್ತನೆಗಳಲ್ಲಿ ಕಟ್ಟಿದ ರಾಮನಾಟಕವನ್ನು ಹಿಡಿದುಕೊಂಡು ಮದರಾಸಿಗೆ ಬಂದಾಗ, ಆ ಹೊಸ ಬಗೆಯ ಕೃತಿಯನ್ನು ಸಭೆಯಲ್ಲಿ ಕೇಳಿ ಕವಿಯನ್ನು ಗೌರವಿಸಿದವನೂ ಇವನೇ ಎಂದು ಪ್ರಸಿದ್ಧವಾಗಿದೆ. ಹೊಸದನ್ನು ಕೇಳುವ ಚಪಲ ಆ ಮನೆಯಲ್ಲಿ ಮೊದಲಿನಿಂದಲೂ ಇದ್ದಿತು.

ಆ ಕಾಲದ ಮದರಾಸಿನ ಶ್ರೀಮಂತರು ದಿನ ಕಳೆಯುತ್ತಿದ್ದ ಬಗೆಯನ್ನು ತಿಳಿಯಲು ‘ಸರ್ವದೇವವಿಲಾಸ’ವೆಂಬ ಸಂಸ್ಕೃತ ಚಂಪುವಿಗಿಂತ ಉತ್ತಮವಾದ ಆಧಾರವಿಲ್ಲ. ಸುಮಾರು 1800ರ ಕಾಲದ ಈ ಕೃತಿಯನ್ನು ಡಾ. ವಿ. ರಾಘವನ್ ಅವರು ಸಂಪಾದಿಸಿ ಬೆಳಕಿಗೆ ತಂದರು. ವಿವೇಕಿ, ಅತಿವಿವೇಕಿ ಎಂಬ ಇಬ್ಬರು ಪಂಡಿತರು ಆಶ್ರಯದಾತರನ್ನು ಹುಡುಕುತ್ತ ಪಟ್ಟಣವನ್ನೆಲ್ಲ ಸುತ್ತುವುದು ಅದರ ವಸ್ತು. ಹೆಸರುಗಳಲ್ಲಿಯೇ ಕವಿಯ ಕಿಡಿಗೇಡಿತನ ಕಾಣುತ್ತದೆ. ತೋಟದ ಮನೆಗಳು, ದೇವರ ಉತ್ಸವಕ್ಕೆ ಪರಿವಾರ ಸಮೇತ ಹೊರಡುವ ಧರ್ಮಕರ್ತರು, ಅವರ ಸುತ್ತ ಹಾಡುಗಾರರು, ನಟ್ಟುವರು, ನೃತ್ಯಗೀತಗಳಲ್ಲಿ ನಿಪುಣರಾದ ಗಣಿಕೆಯರು, ಪದ್ಯಕ್ಕೊಂದು ಶಾಲು ಬಯಸುವ ಪಂಡಿತರು — ಹೀಗೆ ಒಂದು ಇಡೀ ಸಮಾಜ ಆ ಪುಟಗಳಲ್ಲಿ ಓಡಾಡುತ್ತದೆ. ರಾಜರಲ್ಲದವರು ರಾಜಭೋಗವನ್ನು ಅಭಿನಯಿಸುತ್ತಿದ್ದ ಕಾಲವದು. ತಂಜಾವೂರಿನ ಅರಸನ ಬಳಿ ಸಂಗೀತಗಾರನಿಗೆ ದೊರೆಯುತ್ತಿದ್ದ ಮಾನವನ್ನು ಮದರಾಸಿನ ವ್ಯಾಪಾರಿ ಕೊಡತೊಡಗಿದ್ದನು. ಇಂಗ್ಲೀಷ್ ಅಧಿಕಾರಿಗಳನ್ನು ಮನೆಗೆ ಕರೆದು ನೃತ್ಯದ ಔತಣ ಕೊಡುವುದೂ ದುಬಾಷಿಗಳ ವ್ಯವಹಾರದ ಒಂದು ಅಂಗವೇ ಆಗಿತ್ತು. ಸಂತೋಷಕೂಟವೆಂಬುದು ಅವರ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಬಾಬೋ ಬಂಡವಾಳದ ಬಾಬೋ ಎಂದು ಹೇಳುವುದು ಕಷ್ಟ.

ಈ ವಾತಾವರಣಕ್ಕೆ ತಿರುವಾರೂರಿನಿಂದ ಬಂದು ಸೇರಿದವರು ರಾಮಸ್ವಾಮಿ ದೀಕ್ಷಿತರು (1735–1817). ಮುತ್ತುಕೃಷ್ಣನ ಮಗ, ಚಿನ್ನಯ್ಯನೆಂದು ಕರೆಯಲ್ಪಡುತ್ತಿದ್ದ ವೆಂಕಟಕೃಷ್ಣ ಮೊದಲಿಯಾರನ ಆಶ್ರಯದಲ್ಲಿ ಅವರ ಕುಟುಂಬ ಹಲವು ವರ್ಷ ಮಣಲಿಯಲ್ಲಿ ನೆಲಸಿತು. 108 ರಾಗತಾಳಗಳ ಮಾಲಿಕೆಯೊಂದನ್ನು ರಾಮಸ್ವಾಮಿ ದೀಕ್ಷಿತರು ರಚಿಸಿದರು; ಅದರಲ್ಲಿ 61 ರಾಗಗಳ ಭಾಗ ಮಾತ್ರ ಉಳಿದು ಬಂದಿದೆ. ಹಂಸಧ್ವನಿ ರಾಗವನ್ನು ಸೃಷ್ಟಿಸಿದವರೂ ಅವರೇ ಎಂಬುದು ಸಂಪ್ರದಾಯ. ಅದೇ ರಾಗದಲ್ಲಿ ಅವರ ಹಿರಿಯ ಮಗ ವಾತಾಪಿ ಗಣಪತಿಯನ್ನು ಹಾಡಿದನು. ವಾತಾಪಿಯೆಂದರೆ ನಮ್ಮ ಬಾದಾಮಿ.

ಕನ್ನಡದ ನಂಟು ಬಾದಾಮಿಯ ಹೆಸರಿನಲ್ಲಿ ಮಾತ್ರ ಇರುವುದಲ್ಲ. ರಾಮಸ್ವಾಮಿ ದೀಕ್ಷಿತರು ಶಾಸ್ತ್ರವನ್ನು ಕಲಿತದ್ದು ವೆಂಕಟ ವೈದ್ಯನಾಥ ದೀಕ್ಷಿತರಲ್ಲಿ. ಅವರು ‘ಚತುರ್ದಂಡೀ ಪ್ರಕಾಶಿಕೆ’ಯನ್ನು ಬರೆದ ವೆಂಕಟಮಖಿಯ ವಂಶಕ್ಕೆ ಸೇರಿದವರು. ವೆಂಕಟಮಖಿಯು ತಂಜಾವೂರಿನ ನಾಯಕರಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರ ಮಗ; ಗೋವಿಂದ ದೀಕ್ಷಿತರಾದರೋ ತಮಿಳುನಾಡಿಗೆ ಹೋಗಿ ನೆಲಸಿದ ಕನ್ನಡ ಬ್ರಾಹ್ಮಣರು. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿಯು ಸ್ವರಗಳ ಜೋಡಣೆಯನ್ನು ಗಣಿತದಂತೆ ವಿಸ್ತರಿಸಿ 72 ಮೇಳಗಳು ಸಾಧ್ಯವೆಂದು ತೋರಿಸಿದನು. ಅವುಗಳಲ್ಲಿ 19 ಮಾತ್ರ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದುವೆಂದೂ, ಉಳಿದವು ಮುಂದೆ ಬರಬಹುದಾದ ರಾಗಗಳಿಗಾಗಿ ಇವೆಯೆಂದೂ ಆತನ ಎಣಿಕೆ. ಬರಲಿರುವ ಅತಿಥಿಗಾಗಿ ಕೋಣೆಯನ್ನು ಕಟ್ಟಿಡುವ ಈ ಔದಾರ್ಯವು ಮಣಲಿಯ ಪ್ರಸಂಗಕ್ಕೆ ಬಹಳ ಮುಖ್ಯವಾದದ್ದು. ದೀಕ್ಷಿತರ ಮನೆತನ ಈ ಪದ್ಧತಿಯನ್ನೇ ಅನುಸರಿಸಿತು.

ರಾಮಸ್ವಾಮಿ ದೀಕ್ಷಿತರ ಮಕ್ಕಳು ಮೂವರು: ಮುತ್ತುಸ್ವಾಮಿ (1775–1835), ಚಿನ್ನಸ್ವಾಮಿ (1778–1823), ಬಾಲುಸ್ವಾಮಿ (1786–1859). ಮೊದಲಿಯಾರನು ಈ ಕುಟುಂಬದವರನ್ನು ಸೇಂಟ್ ಜಾರ್ಜ್ ಕೋಟೆಗೆ ಕರೆದೊಯ್ದು ಅಲ್ಲಿಯ ಬ್ಯಾಂಡಿನ ವಾದ್ಯವನ್ನು ಕೇಳಿಸಿದನೆಂದು ಹೇಳಿಕೆ. ಕೆಲವು ಪುಸ್ತಕಗಳು ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ರಚಿಸುವಂತೆ ಮುತ್ತುಸ್ವಾಮಿಯನ್ನು ಕೇಳಿದವನು ಗವರ್ನರ್ ಪಿಗಟ್ಟನೇ ಎನ್ನುತ್ತವೆ. ಈ ಕಥೆ ನಿಲ್ಲಲಾರದು. ಪಿಗಟ್‌ನು ತನ್ನ ಕೌನ್ಸಿಲಿನವರಿಂದಲೇ 1776ರ ಆಗಸ್ಟಿನಲ್ಲಿ ಸೆರೆಗೊಳಗಾಗಿ, 1777ರ ಮೇ ತಿಂಗಳಲ್ಲಿ ಸೆರೆಯಲ್ಲಿಯೇ ತೀರಿಕೊಂಡನು. ಆಗ ಮುತ್ತುಸ್ವಾಮಿಗೆ ಎರಡು ವರ್ಷ. ತಂದೆಯ ಧಣಿಯ ಹೆಸರು ಮಗನ ಕಾಲದ ಕಥೆಗೆ ಅಂಟಿಕೊಂಡಿರಬೇಕು. ದೊಡ್ಡ ದೊರೆಯ ಅಪ್ಪಣೆಯಿಲ್ಲದೆ ಇಂಥ ಕೆಲಸ ನಡೆಯಲಾರದೆಂಬ ಭಾವನೆಯೂ ಅದಕ್ಕೆ ನೆರವಾಗಿರಬಹುದು. ಹುಡುಗನೊಬ್ಬನಿಗೆ ಕೇಳಿದ್ದು ಹಿಡಿಸಿತು ಎಂದರೆ ಚರಿತ್ರಕಾರರಿಗೆ ಏಕೋ ತೃಪ್ತಿಯಿಲ್ಲ.

ಕೋಟೆಯ ಆ ಸಂಗೀತ ಎಂಥ ಕಾಲದಲ್ಲಿ ಮೊಳಗುತ್ತಿತ್ತೆಂಬುದನ್ನು ಕನ್ನಡಿಗನು ಮರೆಯಲಾರ. 1769ರಲ್ಲಿ ಹೈದರಾಲಿಯ ಕುದುರೆ ಸೈನ್ಯ ಮದರಾಸಿನ ಹೊರವಲಯಕ್ಕೆ ಬಂದು ನಿಂತು, ಕಂಪನಿಯವರು ಒಪ್ಪಂದಕ್ಕೆ ಬರುವಂತೆ ಮಾಡಿತು. 1780ರಲ್ಲಿ ಮತ್ತೆ ಅದೇ ಸೈನ್ಯ ಕರ್ನಾಟಿಕ್ ಪ್ರಾಂತದ ಮೇಲೆ ಇಳಿಯಿತು. ಹಳ್ಳಿಗಳು ಹಾಳಾದುವು, ಬರಗಾಲ ಬಂದಿತು. ಕೋಟೆಯೊಳಗಿನ ಔತಣಗಳ ನಿಶ್ಚಿಂತೆ ಎಷ್ಟು ತೆಳುವಾದದ್ದೆಂದು ಇದರಿಂದ ತಿಳಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ಜಯದ ಮತ್ತು ಪ್ಲಾಸಿಯ ಜಯದ ಸ್ಮಾರಕವಾಗಿ ಮದರಾಸಿನ ಇಂಗ್ಲೀಷರು ಕಟ್ಟಿಕೊಂಡದ್ದು ದೇವಾಲಯವನ್ನಲ್ಲ, ವಿಜಯಸ್ತಂಭವನ್ನೂ ಅಲ್ಲ. ಔತಣ–ನರ್ತನಗಳಿಗಾಗಿ 1802ರ ಸುಮಾರಿಗೆ ಮುಗಿದ ಒಂದು ಭವನವನ್ನು. ಅದೇ ಇಂದಿನ ರಾಜಾಜಿ ಭವನ. ಉದ್ಯೋಗ ನಿಮಿತ್ತ ಈ ನಗರಕ್ಕೆ ಬಂದ ಎಷ್ಟೋ ಕನ್ನಡಿಗರು ಅದರ ವಿಶಾಲವಾದ ಮೆಟ್ಟಿಲುಗಳ ಮುಂದೆ ಹಾದುಹೋಗಿರಬಹುದು. ತಮ್ಮ ನಾಡಿನ ರಾಜಧಾನಿಯೊಂದರ ಪತನ ಅಲ್ಲಿ ಕುಣಿತದ ನೆಲವಾಗಿ ಹಾಸಿದೆಯೆಂದು ಅವರಿಗೆ ಹೇಳುವವರಿರಲಿಲ್ಲ.

ಈಗ ನೋಟುಸ್ವರಗಳ ಕಡೆಗೆ ಬರಬಹುದು. ‘ನೋಟ್’ ಎಂಬ ಇಂಗ್ಲೀಷ್ ಮಾತಿಗೆ ಸ್ವರವೆಂಬ ಸಂಸ್ಕೃತ ಶಬ್ದ ಸೇರಿ ಆದ ಹೆಸರು ಇದು. ಒಂದೇ ಅರ್ಥದ ಎರಡು ಮಾತು ಕೈಹಿಡಿದು ನಿಂತಿವೆ. ಮುತ್ತುಸ್ವಾಮಿ ದೀಕ್ಷಿತರ ಈ ಬಗೆಯ ರಚನೆಗಳು ಸುಮಾರು ನಲವತ್ತು. ಗಮಕವಿಲ್ಲದ ನೇರ ಸ್ವರಗಳು, ನಡಿಗೆಯ ಅಥವಾ ಕುಣಿತದ ಹೆಜ್ಜೆಗೆ ಹೊಂದುವ ತಾಳ, ಸ್ವರಕ್ಕೊಂದು ಅಕ್ಷರದಂತೆ ಕೂಡಿಸಿದ ಸಂಸ್ಕೃತ ಸ್ತುತಿ. ‘ಸಂತತಂ ಪಾಹಿ ಮಾಂ’ ಎಂಬುದು ಇಂಗ್ಲೆಂಡಿನ ರಾಜಗೀತೆಯ ಮಟ್ಟು. 1745ರಲ್ಲಿ ಲಂಡನ್ನಿನ ನಾಟಕಶಾಲೆಯಲ್ಲಿ ಮೊಳಗಿ ಪ್ರಸಿದ್ಧಿಗೆ ಬಂದ ಆ ಗೀತೆ ರಾಜನನ್ನು ಕಾಪಾಡೆಂದು ದೇವರನ್ನು ಬೇಡುತ್ತದೆ. ದೀಕ್ಷಿತರ ರಚನೆಯಲ್ಲಿ ಕಾಪಾಡುವ ಬೇಡಿಕೆ ಹಾಗೆಯೇ ಉಳಿದಿದೆ. ರಾಜನು ಮಾತ್ರ ಇಲ್ಲ. ಬೇಡುವವನು ತನಗಾಗಿ ಬೇಡುತ್ತಾನೆ, ಬೇಡುವುದು ಸಂಗೀತಶ್ಯಾಮಲೆಯನ್ನು. ಶ್ರೀರಂಗಪಟ್ಟಣವನ್ನು ಗೆದ್ದ ದಂಡಿನ ಗೀತೆಗೆ ಹೀಗೊಂದು ಗತಿ ಒದಗಿತು. ಇದರಲ್ಲಿ ರಾಜಕೀಯವಾದ ಪ್ರತಿಭಟನೆಯನ್ನು ಹುಡುಕುವುದು ಅತಿಯಾದೀತು. ಆದರೆ ಇದನ್ನು ದೊರೆಗಳ ಓಲೈಕೆ ಎಂದು ಹೀಯಾಳಿಸುವವರು ಆ ಸಾಹಿತ್ಯವನ್ನು ಓದಿರಲಾರರು.

ಇನ್ನೂ ಸ್ವಾರಸ್ಯವಾದದ್ದು ‘ವಂದೇ ಮೀನಾಕ್ಷಿ’. ಇದರ ಮೂಲ ‘ದಿ ರೇಕ್ಸ್ ಆಫ್ ಮ್ಯಾಲೋ’ ಎಂಬ ಐರ್ಲೆಂಡಿನ ಮಟ್ಟು. ಮ್ಯಾಲೋ ಎಂಬುದು ಕಾರ್ಕ್ ಪ್ರಾಂತದ ಒಂದು ಊರು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಬುಗ್ಗೆಯ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಹೆಸರಾಗಿ, ರೋಗಿಗಳಿಗಿಂತ ಹೆಚ್ಚಾಗಿ ಭೋಗಿಗಳು ಬಂದು ನೆರೆಯುತ್ತಿದ್ದರು. ಅವರಲ್ಲಿ ಜಮೀನುದಾರರ ಪೋಲಿ ಮಕ್ಕಳದೇ ಒಂದು ಗುಂಪು. ಕುಡಿಯುವುದು, ಕುಣಿಯುವುದು, ಕಿಟಕಿ ಒಡೆಯುವುದು, ಗೇಣಿಯ ಹಣ ಬರುವುದಕ್ಕಿಂತ ಬೇಗ ಖರ್ಚುಮಾಡುವುದು — ಇದು ಆ ಹಾಡಿನ ವಿಷಯ. ಆ ಮಟ್ಟು ಸಿಪಾಯಿಗಳ ಬ್ಯಾಂಡಿನ ಮೂಲಕ ಸಮುದ್ರ ದಾಟಿ ಮದರಾಸಿಗೆ ಬಂದು, ದೀಕ್ಷಿತರ ಕಿವಿಗೆ ಬಿದ್ದು, ಮಧುರೆಯ ದೇವಿಯ ಸ್ತುತಿಯಾಯಿತು. ಬ್ಯಾಂಡಿಗೆ ಮಾತಿಲ್ಲ, ಪೋಲಿಗಳ ಚರಿತ್ರೆಯನ್ನು ಅದು ಹುಡುಗನಿಗೆ ಹೇಳಲಿಲ್ಲ. ಅವನು ಕೇಳಿದ್ದು ಉಲ್ಲಾಸವನ್ನು ಮಾತ್ರ. ‘ವಂದೇ ಮೀನಾಕ್ಷಿ’ಯನ್ನು ಇಂದು ಮಕ್ಕಳು ಹಾಡುವಾಗಲೂ ಆ ಉಲ್ಲಾಸ ಕೆಟ್ಟಿಲ್ಲವೆಂಬುದು ಕೇಳಿದವರಿಗೆ ಗೊತ್ತು.

ಈ ಮಟ್ಟುಗಳೆಲ್ಲ ಶಂಕರಾಭರಣದಲ್ಲಿ ನಿಲ್ಲುತ್ತವೆ; ಇಂಗ್ಲೀಷರ ಪ್ರಧಾನ ಸ್ವರಶ್ರೇಣಿಯೂ ನಮ್ಮ ಶಂಕರಾಭರಣವೂ ಸ್ವರಸ್ಥಾನಗಳಲ್ಲಿ ಒಂದೇ. 72ರ ಲೆಕ್ಕದಲ್ಲಿ ಅದು 29ನೆಯ ಮೇಳ. ಸಂಖ್ಯೆ ನೆನಪಿರಲೆಂದು ಹೆಸರಿಗೆ ‘ಧೀರ’ ಎಂಬ ಎರಡಕ್ಷರ ಸೇರಿಸಿ ಧೀರಶಂಕರಾಭರಣವೆಂದು ಕರೆಯುವುದುಂಟು: ಕಟಪಯಾದಿಯಂತೆ ‘ಧೀ’ 9, ‘ರ’ 2, ತಿರುಗಿಸಿದರೆ 29. ಶಂಕರಾಭರಣ ವೆಂಕಟಮಖಿಯು ಬಳಕೆಯಲ್ಲಿದ್ದುವೆಂದು ಹೇಳಿದ 19ರಲ್ಲಿಯೇ ಒಂದು. ಆದುದರಿಂದ ಕೋಟೆಯಿಂದ ಬಂದ ಪರದೇಶಿ ಮಟ್ಟಿಗೆ ದೀಕ್ಷಿತರು ಹೊಸದಾಗಿ ಚಪ್ಪರ ಹಾಕಬೇಕಾಗಿರಲಿಲ್ಲ. ಕನ್ನಡ ಮಂತ್ರಿಯ ಮಗ ನೂರಾರು ವರ್ಷ ಮುಂಚೆ ಕಟ್ಟಿದ ಮನೆಯಲ್ಲಿ ಕೋಣೆ ಸಿದ್ಧವಾಗಿತ್ತು. ಶಾಸ್ತ್ರವು ಸಂಗೀತಗಾರನ ಕೈಕಟ್ಟುತ್ತದೆಯೆಂಬ ದೂರು ಸಾಮಾನ್ಯ. ಇಲ್ಲಿ ಶಾಸ್ತ್ರ ಗಟ್ಟಿಯಾಗಿದ್ದುದರಿಂದಲೇ ಹುಡುಗನು ನಿರ್ಭಯನಾಗಿ ಹೊರಗಿನದನ್ನು ಕೇಳಿದನು.

ಕಾಲದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನೋಟುಸ್ವರಗಳೆಲ್ಲ ಮಣಲಿಯ ಬಾಲ್ಯದಲ್ಲಿಯೇ ಹುಟ್ಟಿದವೆಂಬುದು ಪರಿಶೀಲನೆಗೆ ನಿಲ್ಲದು. ‘ವರಶಿವಬಾಲಂ’ ಎಂಬುದರ ಮೂಲವನ್ನು ‘ಕ್ಯಾಸ್ಟಿಲಿಯನ್ ಮೇಡ್’ ಎಂದು ಹೇಳುತ್ತಾರೆ. ಆ ಹೆಸರಿನ ಹಾಡು ಇರುವುದು ಕವಿ ಥಾಮಸ್ ಮೂರ್‌ನ ‘ನ್ಯಾಷನಲ್ ಏರ್ಸ್’ ಸಂಕಲನದಲ್ಲಿ. ಆ ಸಂಕಲನ ಹೊರಬರತೊಡಗಿದ್ದು 1818ರಲ್ಲಿ. ಆ ವೇಳೆಗೆ ದೀಕ್ಷಿತ ಮನೆತನ ಮಣಲಿಯನ್ನು ಬಿಟ್ಟು ಬಹುಕಾಲವಾಗಿತ್ತು. ಮಟ್ಟು ಹಳೆಯದಾಗಿದ್ದು ಹೆಸರು ಮಾತ್ರ ಆಮೇಲೆ ಸೇರಿರಬಹುದು. ಇಲ್ಲವೇ ದೀಕ್ಷಿತರು ನಡುವಯಸ್ಸಿನಲ್ಲಿಯೂ ಇಂಥ ಮಟ್ಟುಗಳನ್ನು ಕೇಳುತ್ತ, ರಚಿಸುತ್ತ ಇದ್ದಿರಬಹುದು. ಎರಡನೆಯದೇ ನಿಜವಾದರೆ ಬಾಲಲೀಲೆಯೆಂಬ ಮಾತು ಪೂರ್ತಿ ಬಿದ್ದುಹೋಗುತ್ತದೆ. ಮಣಲಿ ಕೊಟ್ಟದ್ದು ನಲವತ್ತು ಹಾಡುಗಳನ್ನಲ್ಲ, ಕಿವಿಯನ್ನು. ಅದೇ ಕಿವಿ ಚಿದಂಬರನಾಥ ಯೋಗಿಗಳೊಡನೆ ಕಾಶಿಗೆ ಹೋಗಿ ಹಿಂದೂಸ್ಥಾನಿಯನ್ನೂ ಕೇಳಿ ಬಂದಿತು.

ಬಾಲುಸ್ವಾಮಿಯ ಕೆಲಸ ಇದಕ್ಕಿಂತ ದೂರ ಹೋಯಿತು. ಮೊದಲಿಯಾರನು ಏರ್ಪಡಿಸಿದ ಐರೋಪ್ಯ ವಾದಕನೊಬ್ಬನಿಂದ ಅವನು ಪಿಟೀಲನ್ನು ಕಲಿತು, ಅದರಲ್ಲಿ ನಮ್ಮ ಸಂಗೀತವನ್ನು ನುಡಿಸಿದನು. ತಂಜಾವೂರಿನ ವಡಿವೇಲುವಿಗೂ ಈ ಗೌರವವನ್ನು ಸಲ್ಲಿಸುವವರಿದ್ದಾರೆ. ಆದರೆ ವಡಿವೇಲು ಹುಟ್ಟಿದ್ದು 1810ರಲ್ಲಿ, ಬಾಲುಸ್ವಾಮಿಗಿಂತ ಸುಮಾರು ಇಪ್ಪತ್ತೈದು ವರ್ಷ ಈಚೆಗೆ. ‘ಫಿಡಲ್’ ಎಂಬ ಮಾತು ಕನ್ನಡಿಗರ ಬಾಯಲ್ಲಿ ಪಿಟೀಲಾಗಿ ಎಷ್ಟು ಮನೆಯದಾಯಿತೆಂದರೆ, ಮೈಸೂರಿನ ಚೌಡಯ್ಯನವರನ್ನು (1895–1967) ಪಿಟೀಲು ಚೌಡಯ್ಯ ಎನ್ನುವಾಗ ಯಾರಿಗೂ ಪರದೇಶದ ನೆನಪಾಗುವುದಿಲ್ಲ. ನೋಟುಸ್ವರದ ದಾರಿಯೂ ಮುಚ್ಚಿಹೋಗಲಿಲ್ಲ. ಮೈಸೂರು ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಇಂಗ್ಲೀಷ್ ನೋಟು’ ಶಂಕರಾಭರಣದಲ್ಲಿಯೇ ಇದ್ದು, ಮಧುರೈ ಮಣಿ ಅಯ್ಯರ್ ಅವರ ಕಚೇರಿಗಳಲ್ಲಿ ಶ್ರೋತೃಗಳು ಕೇಳಿ ಕೇಳಿ ಹಾಡಿಸಿಕೊಳ್ಳುವ ವಸ್ತುವಾಯಿತು.

ದೀಕ್ಷಿತರ ಘನವಾದ ಕೃತಿಗಳ ಪಕ್ಕದಲ್ಲಿ ಇವನ್ನಿಡಬಾರದೆಂಬ ಪಂಡಿತರು ಇಂದಿಗೂ ಇದ್ದಾರೆ. ಮನೆಯವರು ಹಾಗೆ ಎಣಿಸಲಿಲ್ಲ. ಬಾಲುಸ್ವಾಮಿಯ ದತ್ತು ಸಂತಾನದವರಾದ ಸುಬ್ಬರಾಮ ದೀಕ್ಷಿತರು (1839–1906) ಎಟ್ಟಯಾಪುರದಲ್ಲಿದ್ದುಕೊಂಡು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯ ಮಹಾಗ್ರಂಥವನ್ನು ತೆಲುಗು ಲಿಪಿಯಲ್ಲಿ ಹೊರತಂದರು. ಮರುವರ್ಷವೇ ಸಂಗೀತ ಕಲಿಯುವ ಮಕ್ಕಳಿಗಾಗಿ ‘ಪ್ರಥಮಾಭ್ಯಾಸ ಪುಸ್ತಕ’ವನ್ನು ಅಚ್ಚುಮಾಡಿಸಿದರು. ಮಣಲಿಯ ಕಾಲದ ನೆನಪನ್ನು ಹೊತ್ತ ಮೂವತ್ತಕ್ಕೂ ಹೆಚ್ಚು ನೋಟುಸ್ವರಗಳು ಅದರಲ್ಲಿ ಸ್ವರಲಿಪಿಯೊಡನೆ ಸೇರಿವೆ.